ನಿಮ್ಮ ತೂಕ ಎಷ್ಟು? ಕಿಲೋ, ಪೌಂಡ್, ಸ್ಟೋನ್ ಮತ್ತು 23ರ ಗೆರೆ

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಎಲ್ಲ ಕಡೆ ಮಾತು. ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವವರ ಬಾಯಲ್ಲೂ ಅದೇ, ಉಡುಪಿಯ ಅಜ್ಜರಕಾಡಿನಲ್ಲೂ ಅದೇ. ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಅದೇ ವರ್ಷ ಜೂನ್‌ನಲ್ಲಿ ವೆಗೋವಿ ಬಂತು. ಎರಡೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳು. ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವ ಹಾಗಿಲ್ಲ. ಚೀಟಿ ಬರೆಯುವ ಮೊದಲು ಡಾಕ್ಟರು ಒಂದು ಸಂಖ್ಯೆ ನೋಡುತ್ತಾರೆ. ಅದೇ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಉಂಟಾ ಅಂತ ಹೇಳುವ ಸಂಖ್ಯೆ. ಹಾಗಾಗಿ ಇಷ್ಟು ದಿನ ಹೆಲ್ತ್ ಚೆಕಪ್ ರಿಪೋರ್ಟಿನ ಮೂಲೆಯಲ್ಲಿ ಯಾರೂ ಓದದೆ ಬಿದ್ದಿದ್ದ ಈ ಮೂರಕ್ಷರಕ್ಕೆ ಈಗ ಒಮ್ಮೆಗೇ ಬೆಲೆ ಬಂದಿದೆ.

ಬೆಲೆಯ ಜೊತೆಗೆ ಗೊಂದಲವೂ ಬಂದಿದೆ. ಸುರತ್ಕಲ್ಲಿನ ಒಬ್ಬ ಅಕ್ಕ ಅಂತ ಇಟ್ಟುಕೊಳ್ಳಿ. ವಯಸ್ಸು 45, ಎತ್ತರ 5 ಅಡಿ 4 ಇಂಚು, ತೂಕ 68 ಕಿಲೋ. ಮೊಬೈಲ್ ಆ್ಯಪ್ ಅವರಿಗೆ 'ತೂಕ ಸ್ವಲ್ಪ ಜಾಸ್ತಿ' ಅನ್ನುತ್ತದೆ. ಲ್ಯಾಬಿನ ರಿಪೋರ್ಟು 'ಬೊಜ್ಜು' ಅನ್ನುತ್ತದೆ. ಇಂಜೆಕ್ಷನ್ ಕೇಳಲು ಹೋದರೆ 'ನಿಮ್ಮ ತೂಕ ಅಷ್ಟಕ್ಕೆ ಬಂದಿಲ್ಲ' ಅನ್ನುವ ಉತ್ತರ ಸಿಗುತ್ತದೆ. ಮೂರೂ ಸರಿಯೇ! ಹೇಗೆ ಅಂತ ತಿಳಿಯಬೇಕಾದರೆ ಮೂರು ವಿಷಯ ಗೊತ್ತಿರಬೇಕು. ತೂಕ ಯಾವ ಅಳತೆಯಲ್ಲಿ ಉಂಟು, ಎಷ್ಟು ಎತ್ತರದ ಮೇಲೆ ಉಂಟು, ಗೆರೆ ಎಳೆದವರು ಯಾರು.

ಕಿಲೋ, ಪೌಂಡ್, ಸ್ಟೋನ್

ನಮ್ಮಲ್ಲಿ ಮೈತೂಕ ಅಂದರೆ ಕಿಲೋ. ಗಲ್ಫಿನಲ್ಲೂ ಕಿಲೋ. ಆದರೆ ಕರಾವಳಿಯ ಮನೆಗಳ ಮಕ್ಕಳು ಗಲ್ಫಿನಲ್ಲಿ ಮಾತ್ರ ಇಲ್ಲವಲ್ಲ. ಅಮೆರಿಕದಲ್ಲಿರುವ ಅಳಿಯ '150' ಅಂದರೆ ಅದು ಪೌಂಡು. ಲಂಡನ್ನಿನ ಅತ್ತಿಗೆ 'ಹತ್ತು ಸ್ಟೋನ್ ಹತ್ತು' ಅನ್ನುತ್ತಾಳೆ. ನಮ್ಮ ಸುರತ್ಕಲ್ ಅಕ್ಕ 68 ಕಿಲೋ. ಮೂವರದ್ದೂ ಒಂದೇ ತೂಕ.

ಜಿಮ್ಮಿನಲ್ಲೂ ಇದೇ ತಾಪತ್ರಯ. ಕೆಲವು ಡಂಬೆಲ್‌ಗಳ ಮೇಲೆ ಕೆಜಿ ಬರೆದಿರುತ್ತದೆ, ಕೆಲವುದರ ಮೇಲೆ ಎಲ್‌ಬಿ. ಎಲ್‌ಬಿ ಅಂದರೆ ಪೌಂಡು. ಮನೆಯ ಎಲೆಕ್ಟ್ರಾನಿಕ್ ತೂಕದ ಯಂತ್ರಗಳಲ್ಲಿ ಹಲವಕ್ಕೆ ಅಡಿಯಲ್ಲಿ ಒಂದು ಸಣ್ಣ ಬಟನ್ ಇರುತ್ತದೆ. ಮಕ್ಕಳು ಅದನ್ನು ಒತ್ತಿಬಿಟ್ಟರೆ ಮರುದಿನ ಬೆಳಗ್ಗೆ ಮನೆಯವರೆಲ್ಲ ಎರಡು ಪಟ್ಟು ತೂಗುತ್ತಾರೆ.

ಒಂದು ಪೌಂಡ್ ಅಂದರೆ ಸರಿಯಾಗಿ 0.45359237 ಕಿಲೋ. ಬಳಕೆಗೆ 454 ಗ್ರಾಂ ಅಂದುಕೊಂಡರೆ ಸಾಕು. ಈ ಉದ್ದದ ಸಂಖ್ಯೆಯನ್ನು 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡ್ ಮತ್ತು ದಕ್ಷಿಣ ಆಫ್ರಿಕಾ ಸೇರಿ ಒಪ್ಪಿಕೊಂಡವು. ಅದಕ್ಕೂ ಮೊದಲು ಬ್ರಿಟನ್ನಿನ ಪೌಂಡಿಗೂ ಅಮೆರಿಕದ ಪೌಂಡಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇತ್ತು. ಈಗ ಪೌಂಡಿಗೆ ಸ್ವಂತ ಅಸ್ತಿತ್ವವೇ ಇಲ್ಲ. ಅದು ಕಿಲೋದ ಒಂದು ತುಂಡು, ಅಷ್ಟೇ.

ಒಂದು ಸ್ಟೋನ್ ಅಂದರೆ 14 ಪೌಂಡ್, ಅಂದರೆ ಸುಮಾರು 6.35 ಕಿಲೋ. ಹಿಂದೆ ಇಂಗ್ಲೆಂಡಿನಲ್ಲಿ ಉಣ್ಣೆಗೆ ಒಂದು ಸ್ಟೋನ್, ಮಾಂಸಕ್ಕೆ ಇನ್ನೊಂದು ಸ್ಟೋನ್ ಇತ್ತು. 1835ರ ಕಾನೂನು 14 ಪೌಂಡನ್ನು ಗಟ್ಟಿ ಮಾಡಿತು. ನಾವು ನಗಬೇಕಾಗಿಲ್ಲ. ನಮ್ಮ ಅಜ್ಜಿಯರೂ ಅಕ್ಕಿಗೆ ಮುಡಿ, ಬೆಲ್ಲಕ್ಕೆ ಮಣ, ಚಹಾಪುಡಿಗೆ ರಾತ್ಲು ಅಂತ ಲೆಕ್ಕ ಹಾಕಿದವರು. ಆ ರಾತ್ಲು ಅಂದರೆ ಪೌಂಡೇ. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು, 1958ರಿಂದ ಕಿಲೋ ಹಂತಹಂತವಾಗಿ ಅಂಗಡಿಗಳಿಗೆ ಇಳಿಯಿತು. ಬೇಕರಿಯಲ್ಲಿ ಮಾತ್ರ ಪೌಂಡ್ ಬ್ರೆಡ್ಡು ಇನ್ನೂ ಉಳಿದುಕೊಂಡಿದೆ.

ಕ್ಯಾಲ್ಕುಲೇಟರ್ ಇಲ್ಲದೆ ಬದಲಾಯಿಸುವುದು ಸುಲಭ. ಕಿಲೋದಿಂದ ಪೌಂಡಿಗೆ ಹೋಗಬೇಕಾದರೆ ಎರಡು ಪಟ್ಟು ಮಾಡಿ, ಬಂದದ್ದಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಿ. 70 ಕಿಲೋ ಇದ್ದರೆ 140, ಅದಕ್ಕೆ 14 ಸೇರಿಸಿದರೆ 154. ನಿಜವಾದ ಉತ್ತರ 154.3. ಪೌಂಡಿನಿಂದ ಕಿಲೋಗೆ ಬರುವಾಗ ಉಲ್ಟಾ. ಅರ್ಧ ಮಾಡಿ, ಹತ್ತನೇ ಒಂದು ಭಾಗ ಕಳೆಯಿರಿ. 180 ಪೌಂಡ್ ಇದ್ದರೆ 90, ಅದರಿಂದ 9 ಕಳೆದರೆ 81. ನಿಜವಾದದ್ದು 81.6. ಅರ್ಧ ಕಿಲೋ ಆಚೀಚೆ ಆದರೆ ಮನೆಮಾತಿಗೆ ಏನೂ ತೊಂದರೆ ಇಲ್ಲ. ಸ್ಟೋನ್ ಬಂದರೆ ಮೊದಲು ಪೌಂಡ್ ಮಾಡಿಕೊಳ್ಳಿ. 11 ಸ್ಟೋನ್ 4 ಅಂದರೆ 11 ಹದಿನಾಲ್ಕಲಿ 154, ಅದಕ್ಕೆ 4 ಸೇರಿಸಿ 158 ಪೌಂಡ್. ಅರ್ಧ 79, ಹತ್ತನೇ ಒಂದು ಭಾಗ ಹೋದರೆ 71 ಕಿಲೋ ಚಿಲ್ಲರೆ.

ಮಗುವಿನ ತೂಕದಲ್ಲಿ ಮಾತ್ರ ಈ ಅಂದಾಜು ಬೇಡ. ಅಮೆರಿಕದಲ್ಲಿ ಮಗು ಹುಟ್ಟಿದ ಸುದ್ದಿ '7 ಪೌಂಡ್ 4 ಔನ್ಸ್' ಅಂತ ಬರುತ್ತದೆ. ಒಂದು ಪೌಂಡಿಗೆ 16 ಔನ್ಸ್. ಹಾಗಾಗಿ ಅದು 7.4 ಪೌಂಡ್ ಅಲ್ಲ, 7.25 ಪೌಂಡ್. ಕಿಲೋದಲ್ಲಿ ಸುಮಾರು 3.29.

ಔಷಧಿಯ ವಿಷಯದಲ್ಲಿ ಇದು ತಮಾಷೆ ಅಲ್ಲ. ಮಕ್ಕಳಿಗೆ ಜ್ವರದ ಪ್ಯಾರಾಸಿಟಮಾಲ್ ಕೊಡುವುದು ತೂಕ ನೋಡಿ. ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ ಆಯಿತು. ಅದೇ ಮಗು ಪೌಂಡಿನಲ್ಲಿ 22. ರಜೆಗೆ ಊರಿಗೆ ಬಂದ ಅಪ್ಪ ಅಮ್ಮ ಬರೀ '22' ಅಂದು, ಕೇಳಿದವರು ಅದನ್ನು ಕಿಲೋ ಅಂದುಕೊಂಡರೆ ಡೋಸು 330 ಮಿಲಿಗ್ರಾಂ ಆಗಿಬಿಡುತ್ತದೆ. 1983ರಲ್ಲಿ ಏರ್ ಕೆನಡಾದ ಒಂದು ವಿಮಾನಕ್ಕೆ ಇಂಧನ ತುಂಬುವಾಗ ಇದೇ ಕಿಲೋ ಮತ್ತು ಪೌಂಡಿನ ಗೊಂದಲ ಆಗಿತ್ತು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಮ್ಮಿ ತುಂಬಿದ್ದರು. ಆಕಾಶದಲ್ಲೇ ಇಂಧನ ಮುಗಿದು, ಪೈಲಟ್‌ಗಳು ಎಂಜಿನ್ ಇಲ್ಲದೆ ಹೇಗೋ ಜಾರಿಸಿಕೊಂಡು ಬಂದು ಇಳಿಸಿದರು. ಸಂಖ್ಯೆಯ ಪಕ್ಕ ಕೆಜಿ ಅಂತ ಬರೆಯಲು ಎರಡು ಸೆಕೆಂಡ್ ಸಾಕು.

ಇಲ್ಲಿ ಒಂದು ಅಡ್ಡಮಾತು. ದೇವಸ್ಥಾನದಲ್ಲಿ ತುಲಾಭಾರ ಸೇವೆ ನೋಡಿದ್ದೀರಲ್ಲ. ಒಂದು ತಟ್ಟೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಅಕ್ಕಿಯೋ ಸಕ್ಕರೆಯೋ ಬಾಳೆಹಣ್ಣೋ. ಭೂಮಿ ಎರಡೂ ತಟ್ಟೆಯನ್ನು ಒಂದೇ ರೀತಿ ಎಳೆಯುವುದರಿಂದ ಆ ತಕ್ಕಡಿ ಎಲ್ಲಿಟ್ಟರೂ ಉತ್ತರ ಅದೇ. ಮನೆಯ ಯಂತ್ರ ಹಾಗಲ್ಲ. ಅದು ನಿಮ್ಮ ಕಾಲು ಎಷ್ಟು ಜೋರಾಗಿ ಒತ್ತುತ್ತದೆ ಅಂತ ಅಳೆದು ಕಿಲೋ ತೋರಿಸುತ್ತದೆ. ಭೂಮಿಯ ಎಳೆತ ಸಮಭಾಜಕದ ಹತ್ತಿರ ಸ್ವಲ್ಪ ಕಮ್ಮಿ. ಲಂಡನ್ನಿನಲ್ಲಿ 70 ಕಿಲೋ ತೋರಿಸಿದ ಯಂತ್ರವನ್ನೇ ಮಂಗಳೂರಿಗೆ ತಂದು ನಿಂತರೆ ಸುಮಾರು 200 ಗ್ರಾಂ ಕಮ್ಮಿ ತೋರಿಸುತ್ತದೆ. ಅದಕ್ಕಾಗಿ ಟಿಕೆಟ್ ಬುಕ್ ಮಾಡಬೇಡಿ, ಬೊಜ್ಜು ಹಾಗೆಯೇ ಇರುತ್ತದೆ.

ಎತ್ತರದ ಲೆಕ್ಕದಲ್ಲಿ ಒಂದು ಗುಂಡಿ

ತೂಕವನ್ನು ಕಿಲೋದಲ್ಲಿ ಹೇಳುವ ನಾವು ಎತ್ತರವನ್ನು ಮಾತ್ರ ಇನ್ನೂ ಅಡಿ ಮತ್ತು ಇಂಚಿನಲ್ಲೇ ಹೇಳುತ್ತೇವೆ. ಮದುವೆ ಜಾಹೀರಾತಿನಲ್ಲೂ ಹಾಗೆಯೇ. ಬಿಎಂಐ ತಪ್ಪಾಗುವುದು ಹೆಚ್ಚಾಗಿ ಇಲ್ಲಿಯೇ. ಯಾಕೆಂದರೆ 5 ಅಡಿ 11 ಇಂಚನ್ನು ನಾವು '5.11' ಅಂತ ಬರೆಯುತ್ತೇವೆ. ಓದುವ ಮನುಷ್ಯನಿಗೆ ಅರ್ಥ ಆಗುತ್ತದೆ. ಆ್ಯಪ್‌ಗೆ ಆಗುವುದಿಲ್ಲ. ಅದಕ್ಕೆ 5.11 ಅಂದರೆ ಐದು ಅಡಿ ಮತ್ತು ಒಂದು ಅಡಿಯ ನೂರರಲ್ಲಿ ಹನ್ನೊಂದು ಭಾಗ, ಅಂದರೆ ಸುಮಾರು 156 ಸೆಂಟಿಮೀಟರ್. ನಿಜವಾದ 5 ಅಡಿ 11 ಇಂಚು 180 ಸೆಂಟಿಮೀಟರ್!

75 ಕಿಲೋ ತೂಗುವ ಹುಡುಗನಿಗೆ ಸರಿಯಾದ ಎತ್ತರದಲ್ಲಿ ಬಿಎಂಐ 23. ತಪ್ಪು ಎತ್ತರದಲ್ಲಿ ಸುಮಾರು 31. ಒಂದು ಚುಕ್ಕೆಯಿಂದ ಅವನಿಗೆ ಬೊಜ್ಜು ಬಂದುಬಿಟ್ಟಿತು.

ದಾರಿ ಇದು. ಅಡಿಯನ್ನು 12ರಿಂದ ಗುಣಿಸಿ, ಇಂಚು ಕೂಡಿಸಿ, ಬಂದದ್ದನ್ನು 2.54ರಿಂದ ಗುಣಿಸಿ. 5 ಅಡಿ 4 ಇಂಚು ಅಂದರೆ 64 ಇಂಚು. ಅದು 162.6 ಸೆಂಟಿಮೀಟರ್, ಅಂದರೆ 1.626 ಮೀಟರ್. ಇನ್ನೂ ಸುಲಭ ಬೇಕಾದರೆ ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು, ಟೇಪಿನಲ್ಲಿ ಸೆಂಟಿಮೀಟರನ್ನೇ ಓದಿಬಿಡಿ. ಕಾಲೇಜಿನಲ್ಲಿದ್ದಾಗ ಅಳೆದ ಎತ್ತರವನ್ನೇ 60ರಲ್ಲೂ ಹೇಳುವವರು ಜಾಸ್ತಿ. ವಯಸ್ಸಾದಂತೆ ಬೆನ್ನುಮೂಳೆ ಕುಗ್ಗಿ ಎತ್ತರ ಕಮ್ಮಿ ಆಗುತ್ತದೆ.

ಬಿಎಂಐ ಅಂದರೆ ಎಂತ?

ಬಾಡಿ ಮಾಸ್ ಇಂಡೆಕ್ಸ್. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆ. ನಮ್ಮ ಅಕ್ಕನ 68ನ್ನು 1.626ರಿಂದ ಭಾಗಿಸಿದರೆ 41.8. ಅದನ್ನು ಮತ್ತೊಮ್ಮೆ 1.626ರಿಂದ ಭಾಗಿಸಿದರೆ 25.7. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ.

ಎತ್ತರದಿಂದ ಎರಡು ಸಲ ಭಾಗಿಸುವುದು ಯಾಕೆ? ಎತ್ತರದವರು ತೂಕ ಜಾಸ್ತಿ ಇರುವುದು ಸಹಜ. ಬರೀ ತೂಕ ನೋಡಿದರೆ ಎತ್ತರದ ಮನುಷ್ಯನಿಗೆ ಅನ್ಯಾಯ. ಆದ್ದರಿಂದ ಎತ್ತರದ ಪಾಲನ್ನು ತೂಕದಿಂದ ತೆಗೆದುಹಾಕಬೇಕು. ಬೆಲ್ಜಿಯಂನ ಅಡಾಲ್ಫ್ ಕ್ವೆಟ್‌ಲೆ 1830ರ ದಶಕದಲ್ಲಿ ಸಾಕಷ್ಟು ಜನರ ಅಳತೆಗಳನ್ನು ಮುಂದಿಟ್ಟುಕೊಂಡು ನೋಡಿದರು. ಬೆಳೆದ ಮನುಷ್ಯರಲ್ಲಿ ತೂಕ ಹೆಚ್ಚುಕಡಿಮೆ ಎತ್ತರದ ವರ್ಗದ, ಅಂದರೆ ಎತ್ತರವನ್ನು ಎತ್ತರದಿಂದಲೇ ಗುಣಿಸಿದರೆ ಬರುವ ಸಂಖ್ಯೆಯ, ಲೆಕ್ಕದಲ್ಲಿ ಏರುತ್ತದೆ ಅಂತ ಅವರಿಗೆ ಕಂಡಿತು. ಅದಕ್ಕೇ ಎರಡು ಸಲ ಭಾಗಾಕಾರ.

ಕ್ವೆಟ್‌ಲೆ ಡಾಕ್ಟರಲ್ಲ. ಖಗೋಳ ಮತ್ತು ಅಂಕಿಅಂಶದ ಮನುಷ್ಯ. ಅವರು ಹುಡುಕುತ್ತಿದ್ದದ್ದು ರೋಗವನ್ನಲ್ಲ, 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅನ್ನುವುದನ್ನು. ಅವರ ಲೆಕ್ಕ ಹೆಚ್ಚುಕಡಿಮೆ ಮೂಲೆಗೆ ಬಿದ್ದಿತ್ತು. ಅಮೆರಿಕದಲ್ಲಿ ಡಾಕ್ಟರುಗಳು ಬಹಳ ಕಾಲ ನೋಡುತ್ತಿದ್ದದ್ದು ವಿಮಾ ಕಂಪನಿಗಳು ಮಾಡಿದ ಎತ್ತರ ಮತ್ತು ತೂಕದ ಪಟ್ಟಿಯನ್ನು. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಹಲವು ದೇಶದ ಗಂಡಸರ ಅಳತೆಗಳನ್ನು ಹೋಲಿಸಿ ಕ್ವೆಟ್‌ಲೆಯ ಲೆಕ್ಕವನ್ನು ಮತ್ತೆ ಎತ್ತಿ ತಂದರು. ಬಾಡಿ ಮಾಸ್ ಇಂಡೆಕ್ಸ್ ಅನ್ನುವ ಹೆಸರು ಕೊಟ್ಟವರು ಅವರೇ. ಗುಂಪಿನ ಅಧ್ಯಯನಕ್ಕೆ ಹುಟ್ಟಿದ ಲೆಕ್ಕ ಇದು ಅನ್ನುವುದನ್ನು ನೆನಪಿಟ್ಟುಕೊಂಡರೆ ಅದರ ಮಿತಿಗಳು ಮುಂದೆ ಬೇಗ ಅರ್ಥವಾಗುತ್ತವೆ.

ಅಮೆರಿಕದ ಅಳಿಯನಿಗೆ ಬೇಕಾದರೆ ಪೌಂಡಿನ ಸೂತ್ರವೂ ಉಂಟು. ಪೌಂಡನ್ನು ಇಂಚಿನಿಂದ ಎರಡು ಸಲ ಭಾಗಿಸಿ, 703ರಿಂದ ಗುಣಿಸಬೇಕು. 150 ಪೌಂಡ್, 64 ಇಂಚಿಗೆ ಬರುವುದು ಅದೇ 25.7.

ಗೆರೆ 23ಕ್ಕೆ ಯಾಕೆ?

ವಿಶ್ವ ಆರೋಗ್ಯ ಸಂಸ್ಥೆಯ ಮಾಮೂಲಿ ಪಟ್ಟಿ ಹೀಗಿದೆ. ಬಿಎಂಐ 18.5ಕ್ಕಿಂತ ಕಮ್ಮಿ ಇದ್ದರೆ ತೂಕ ಸಾಲದು. 18.5ರಿಂದ 25ರ ಒಳಗೆ ಸರಿ. 25ರಿಂದ ಅತಿತೂಕ. 30ರಿಂದ ಬೊಜ್ಜು. ಈ ಗೆರೆಗಳು ಹೆಚ್ಚಾಗಿ ಯುರೋಪು ಮತ್ತು ಅಮೆರಿಕದ ಜನರ ಆರೋಗ್ಯದ ದಾಖಲೆಗಳನ್ನು ನೋಡಿ ಎಳೆದವು. ಯಾವ ಬಿಎಂಐ ದಾಟಿದ ಮೇಲೆ ಶುಗರ್, ಬಿಪಿ, ಹೃದಯದ ಕಾಯಿಲೆ ಏರುತ್ತದೆ ಅಂತ ಅವರಲ್ಲಿ ನೋಡಿದರು.

ನಮ್ಮಲ್ಲಿ ಅದು ಮೊದಲೇ ಏರುತ್ತದೆ. ಸಪೂರ ಇದ್ದವರಿಗೂ ಶುಗರ್ ಬಂದದ್ದನ್ನು ನೀವೇ ನೋಡಿರುತ್ತೀರಿ. ಕಾರಣ ಮೈಯೊಳಗಿನ ಹಂಚಿಕೆ. ಒಂದೇ ಬಿಎಂಐ ಇರುವ ಯುರೋಪಿಯನ್ನರಿಗೆ ಹೋಲಿಸಿದರೆ ಭಾರತೀಯರ ಮೈಯಲ್ಲಿ ಸ್ನಾಯು ಕಮ್ಮಿ, ಕೊಬ್ಬು ಜಾಸ್ತಿ. ಅದರಲ್ಲೂ ಹೊಟ್ಟೆಯ ಒಳಗೆ, ಲಿವರಿನ ಸುತ್ತಮುತ್ತ ಕೂರುವ ಕೊಬ್ಬು ಜಾಸ್ತಿ. ತೊಡೆಯಲ್ಲಿರುವ ಕೊಬ್ಬಿಗಿಂತ ಇದು ಹೆಚ್ಚು ಕಾಟ ಕೊಡುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡುತ್ತದೆ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 2004ರಲ್ಲಿ ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ ತಮ್ಮದೇ ಮೈಯನ್ನು ಅಳೆದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ಫೋಟೋ ಸಮೇತ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಫೋಟೋದಲ್ಲಿ ಇಬ್ಬರೂ ದಪ್ಪ ಅಲ್ಲ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ ಶೇಕಡ 21.2. ಒಂದೇ ಗಾತ್ರದ, ಒಂದೇ ತೂಕದ ಎರಡು ತೆಂಗಿನಕಾಯಿ ಎತ್ತಿಕೊಂಡ ಹಾಗೆ ಇದು. ಯಾವುದರಲ್ಲಿ ತಿರುಳು ಜಾಸ್ತಿ, ಯಾವುದರಲ್ಲಿ ನೀರು ಜಾಸ್ತಿ ಅಂತ ತಕ್ಕಡಿ ಹೇಳುವುದಿಲ್ಲ.

ಅದೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದ ಜನ 23ರಿಂದಲೇ ಎಚ್ಚರ ವಹಿಸಬೇಕು, 27.5 ದಾಟಿದರೆ ಅಪಾಯ ಹೆಚ್ಚು ಅಂತ ಬರೆದರು. ಹಳೆಯ 25 ಮತ್ತು 30ರ ಗೆರೆಗಳನ್ನು ಅಳಿಸಲಿಲ್ಲ. 2009ರಲ್ಲಿ ಭಾರತದ ತಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನಮ್ಮವರಿಗೆ 23ರಿಂದ ಅತಿತೂಕ, 25ರಿಂದ ಬೊಜ್ಜು ಅಂತ ತೀರ್ಮಾನಿಸಿದರು. 2025ರ ಜನವರಿಯಲ್ಲಿ ಬಂದ ಭಾರತದ ಪರಿಷ್ಕೃತ ಸಲಹೆ 23ರ ಗೆರೆಯನ್ನು ಉಳಿಸಿಕೊಂಡು, ಅದರ ಮೇಲಿನವರನ್ನು ಎರಡು ಹಂತ ಮಾಡಿತು. ಬರೀ ತೂಕ ಜಾಸ್ತಿ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಮೊದಲ ಹಂತ. ಹೊಟ್ಟೆಯ ಬೊಜ್ಜಿನ ಜೊತೆಗೆ ಮಂಡಿನೋವು, ಏದುಸಿರು, ಶುಗರ್ ಇಂಥವು ಸೇರಿದರೆ ಎರಡನೇ ಹಂತ.

ಈಗ ಸುರತ್ಕಲ್ ಅಕ್ಕನ 25.7ಕ್ಕೆ ಬರೋಣ. ಆ್ಯಪ್ ನೋಡಿದ್ದು ಜಗತ್ತಿನ ಪಟ್ಟಿ. ಅದರಲ್ಲಿ 25 ದಾಟಿದರೆ ಅತಿತೂಕ. ಲ್ಯಾಬು ನೋಡಿದ್ದು ಭಾರತದ 2009ರ ಪಟ್ಟಿ. ಅದರಲ್ಲಿ 25 ದಾಟಿದರೆ ಬೊಜ್ಜು. ಇನ್ನು ಇಂಜೆಕ್ಷನ್‌ಗೆ ಇರುವ ಗೆರೆಯೇ ಬೇರೆ. ಬಿಎಂಐ 30 ಇರಬೇಕು, ಅಥವಾ 27 ಇದ್ದು ಜೊತೆಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್‌ನಂಥ ತೊಂದರೆ ಇರಬೇಕು. ಅವರ ಎತ್ತರಕ್ಕೆ 27 ಅಂದರೆ 71 ಕಿಲೋ ಚಿಲ್ಲರೆ, 30 ಅಂದರೆ 79 ಕಿಲೋ ಚಿಲ್ಲರೆ. 68 ಅಲ್ಲಿಗೆ ಮುಟ್ಟುವುದಿಲ್ಲ.

ಪೇಪರಿನಲ್ಲಿ ಬರುವ ಅಂಕಿಗಳನ್ನು ಓದುವಾಗಲೂ ಯಾವ ಗೆರೆ ಅಂತ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 25ರ ಗೆರೆ ಬಳಸುತ್ತದೆ. 2019ರಿಂದ 2021ರವರೆಗಿನ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿ ಆ ಗೆರೆಯ ಮೇಲಿದ್ದರು. ಅದೇ ಸಮೀಕ್ಷೆಯಲ್ಲಿ ಸುಮಾರು 17 ಮಂದಿ 18.5ರ ಕೆಳಗಿದ್ದರು. ಎರಡು ತುದಿಯ ತೊಂದರೆಯೂ ಒಂದೇ ರಾಜ್ಯದಲ್ಲಿದೆ. ಸಪೂರದ ಬಗ್ಗೆ ನಾವು ಕಮ್ಮಿ ಮಾತಾಡುತ್ತೇವೆ ಅನ್ನುವುದು ನನ್ನ ಅನಿಸಿಕೆ. 18.5ರ ಕೆಳಗೆ ಇದ್ದರೆ ರಕ್ತಹೀನತೆ, ಸುಸ್ತು, ಮೂಳೆ ಸವೆತ, ಬಸಿರಿನಲ್ಲಿ ತೊಂದರೆ, ಇವೆಲ್ಲ ಹತ್ತಿರ ಬರುತ್ತವೆ.

ನಿಮ್ಮ ಎತ್ತರಕ್ಕೆ ಎಷ್ಟು?

ಬಿಎಂಐ 18.5ರಿಂದ 23ರ ಒಳಗೆ ಇರಬೇಕು ಅಂತ ಹಿಡಿದರೆ ಕಿಲೋದಲ್ಲಿ ಹೀಗೆ ಬರುತ್ತದೆ.

5 ಅಡಿ: 43ರಿಂದ 53
5 ಅಡಿ 2 ಇಂಚು: 46ರಿಂದ 57
5 ಅಡಿ 4 ಇಂಚು: 49ರಿಂದ 61
5 ಅಡಿ 6 ಇಂಚು: 52ರಿಂದ 65
5 ಅಡಿ 8 ಇಂಚು: 55ರಿಂದ 69
5 ಅಡಿ 10 ಇಂಚು: 58ರಿಂದ 73
6 ಅಡಿ: 62ರಿಂದ 77

ಗಂಡಸರಿಗೂ ಹೆಂಗಸರಿಗೂ ಪಟ್ಟಿ ಒಂದೇ. ಒಂದೊಂದು ಎತ್ತರಕ್ಕೂ ಕಮ್ಮಿ ಅಂದರೂ ಹತ್ತು ಕಿಲೋ ಜಾಗ ಉಂಟು ಅನ್ನುವುದನ್ನು ಗಮನಿಸಿ. 'ಐಡಿಯಲ್ ವೇಟ್' ಅಂತ ಒಂದೇ ಒಂದು ಸಂಖ್ಯೆ ಇಲ್ಲ.

ನಮ್ಮ ಹಿರಿಯರು ಹೇಳುವ ಇನ್ನೊಂದು ಲೆಕ್ಕ ಸೆಂಟಿಮೀಟರಿನಿಂದ ನೂರು ಕಳೆಯುವುದು. 160 ಇದ್ದರೆ 60 ಕಿಲೋ. ಇದು 19ನೇ ಶತಮಾನದ ಫ್ರೆಂಚ್ ಡಾಕ್ಟರ್ ಪಾಲ್ ಬ್ರೊಕಾ ಹೆಸರಿನಲ್ಲಿ ನಡೆದು ಬಂದದ್ದು. ಸುಲಭ, ಆದರೆ ಎತ್ತರ ಹೆಚ್ಚಿದಂತೆ ಧಾರಾಳಿ ಆಗುತ್ತದೆ. 150 ಸೆಂಟಿಮೀಟರಿಗೆ 50 ಕಿಲೋ ಅಂದರೆ ಬಿಎಂಐ 22.2, ಪರವಾಗಿಲ್ಲ. 180ಕ್ಕೆ 80 ಕಿಲೋ ಅಂದರೆ 24.7. ನಮ್ಮ 23ರ ಗೆರೆ ದಾಟಿ ಹೋಯಿತು. ಈ ಲೆಕ್ಕದಲ್ಲಿ ಬಂದ ಉತ್ತರವನ್ನು ಗುರಿ ಅಂದುಕೊಳ್ಳಬೇಡಿ, ಮೇಲಿನ ಪಟ್ಟಿಯನ್ನೇ ನೋಡಿ.

ಒಂದು ನೂಲು ತೆಗೆದುಕೊಳ್ಳಿ

ಬಿಎಂಐ ಹೇಳದ್ದನ್ನು ಹೇಳಲು ಸೊಂಟದ ಸುತ್ತಳತೆ ಬೇಕು. ನಿಮ್ಮ ಎತ್ತರಕ್ಕೆ ಸರಿಯಾಗಿ ಒಂದು ನೂಲು ಕತ್ತರಿಸಿ. ಅದನ್ನು ಅರ್ಧಕ್ಕೆ ಮಡಚಿ. ಹೊಟ್ಟೆಯ ಸುತ್ತ ತಂದಾಗ ಎರಡು ತುದಿ ಸೇರಿದರೆ ಒಳ್ಳೆಯದು. ಸೇರದಿದ್ದರೆ ಹೊಟ್ಟೆಯ ಕೊಬ್ಬು ಜಾಸ್ತಿ ಆಗಿದೆ ಅಂತ ಲೆಕ್ಕ. ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ ಅನ್ನುವ ಈ ಮಾತನ್ನು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸಲಹಾ ಸಂಸ್ಥೆ 2022ರಲ್ಲಿ ಜನರಿಗೆ ಅಧಿಕೃತವಾಗಿ ಹೇಳಿತು. ಇದರಲ್ಲಿ ಕಿಲೋ, ಪೌಂಡ್, ಇಂಚು ಯಾವ ರಗಳೆಯೂ ಇಲ್ಲ. ನನಗೆ ಬಿಎಂಐಗಿಂತ ಇದೇ ಹೆಚ್ಚು ಇಷ್ಟ.

ಟೇಪಿನಲ್ಲೇ ನೋಡುವುದಾದರೆ ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗೆರೆ. ಸುರತ್ಕಲ್ ಅಕ್ಕನ ಎತ್ತರದ ಅರ್ಧ 81. ಎರಡು ಲೆಕ್ಕವೂ ಹತ್ತಿರ ಹತ್ತಿರ ಬಂತಲ್ವಾ.

ಅಳೆಯುವ ಜಾಗ ಮುಖ್ಯ. ಪಕ್ಕೆಲುಬಿನ ಕೊನೆ ಒಂದು ಕಡೆ, ಸೊಂಟದ ಮೂಳೆಯ ಮೇಲಂಚು ಇನ್ನೊಂದು ಕಡೆ. ಇವೆರಡರ ನಡುವೆ ಟೇಪು ಸುತ್ತಬೇಕು. ನೇರ ನಿಂತು, ಮಾಮೂಲಿ ಹಾಗೆ ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವವರು ನೀವೇ. ಪ್ಯಾಂಟಿನ ಸೈಜನ್ನು ನಂಬಬೇಡಿ. ಗಂಡಸರು ಹೊಟ್ಟೆ ಬಂದ ಮೇಲೆ ಪ್ಯಾಂಟನ್ನೂ ಲುಂಗಿಯನ್ನೂ ಹೊಟ್ಟೆಯ ಕೆಳಗೆ ಇಳಿಸಿಕೊಳ್ಳುತ್ತಾರೆ. ಹಾಗಾಗಿ ಹತ್ತು ವರ್ಷದಿಂದ ಸೈಜು 34ರಲ್ಲೇ ಇರುತ್ತದೆ, ಹೊಟ್ಟೆ ಮಾತ್ರ ಮುಂದೆ ಹೋಗಿರುತ್ತದೆ.

ಈ ಲೆಕ್ಕ ಯಾರಿಗೆ ಒಪ್ಪುವುದಿಲ್ಲ?

ಸ್ನಾಯು ಗಟ್ಟಿ ಇರುವವರಿಗೆ ಬಿಎಂಐ ಮೋಸ ಮಾಡುತ್ತದೆ. ಕಂಬಳದ ಕೋಣ ಓಡಿಸುವ ಹುಡುಗನೊಬ್ಬ 5 ಅಡಿ 8 ಇಂಚು ಇದ್ದು 78 ಕಿಲೋ ತೂಗಿದರೆ ಬಿಎಂಐ 26. ಪಟ್ಟಿ ಅವನಿಗೆ ಬೊಜ್ಜು ಅನ್ನುತ್ತದೆ. ನೂಲು ಹಾಕಿ ನೋಡಿದರೆ ಹೊಟ್ಟೆಯೇ ಇರುವುದಿಲ್ಲ. ಭಾರ ಎತ್ತುವವರಲ್ಲೂ ಹಾಗೆಯೇ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದರು, 2022ರಲ್ಲಿ 61 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಅಂಥವರ ಮೈಗೆ ಸೇರುವ ಐದು ಕಿಲೋಗೂ ಕುಳಿತು ಕೆಲಸ ಮಾಡುವ ನಮ್ಮ ಮೈಗೆ ಸೇರುವ ಐದು ಕಿಲೋಗೂ ಬಿಎಂಐ ಸೂತ್ರದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ವಯಸ್ಸಾದವರಲ್ಲಿ ಇದು ಉಲ್ಟಾ ಮೋಸ. ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದರೂ ತೂಕ ಅಷ್ಟೇ ಇರಬಹುದು. ಬಿಎಂಐ 22 ಅಂತ ಸಮಾಧಾನ ಪಡುವ ಮೊದಲು ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತದಾ ಅಂತ ನೋಡುವುದು ಒಳ್ಳೆಯದು.

ಬಸುರಿಯರಿಗೆ ಈ ಪಟ್ಟಿ ಬೇಡವೇ ಬೇಡ. ಅವರಿಗೆ ಬಸಿರಿಗೆ ಮುಂಚಿನ ತೂಕ ನೋಡಿ ಎಷ್ಟು ಏರಬೇಕು ಅಂತ ಡಾಕ್ಟರು ಹೇಳುತ್ತಾರೆ. ಮಕ್ಕಳಿಗೂ ಬೇಡ. ಐದು ವರ್ಷದೊಳಗಿನವರಿಗೆ ಅಂಗನವಾಡಿಯಲ್ಲಿ ತಾಯಿ ಕಾರ್ಡಿನ ಗೆರೆಗಳ ಮೇಲೆ ಚುಕ್ಕೆ ಹಾಕುತ್ತಾರಲ್ಲ, ಅದೇ ಸರಿಯಾದ ಕ್ರಮ. ದೊಡ್ಡ ಮಕ್ಕಳಿಗೆ ವಯಸ್ಸಿನ ಪ್ರಕಾರ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಚಾರ್ಟ್ ಉಂಟು. ಹತ್ತು ವರ್ಷದ ಹುಡುಗಿಯ ಬಿಎಂಐ 16 ಅಂತ ಆ್ಯಪಿನಲ್ಲಿ ನೋಡಿ 'ಇವಳು ಸಪೂರ' ಅಂತ ತುಪ್ಪ ಸುರಿಯುವ ಅಗತ್ಯ ಇಲ್ಲ. ಆ ವಯಸ್ಸಿಗೆ ಅದು ಮಾಮೂಲಿ.

ಯಂತ್ರದ ಮೇಲೆ ನಿಲ್ಲುವಾಗ

ಯಂತ್ರ ಗಟ್ಟಿ ನೆಲದ ಮೇಲೆ ಇರಲಿ. ಚಾಪೆಯ ಮೇಲಿಟ್ಟರೆ ತಪ್ಪು ತೋರಿಸಬಹುದು. ಬೆಳಗ್ಗೆ ಶೌಚಾಲಯಕ್ಕೆ ಹೋಗಿ ಬಂದು, ಏನೂ ತಿನ್ನುವ ಮುಂಚೆ, ಪ್ರತಿ ಸಲ ಅಂಥದ್ದೇ ಬಟ್ಟೆಯಲ್ಲಿ ನಿಂತರೆ ಹೋಲಿಸಬಹುದು.

ಒಂದು ಲೀಟರ್ ನೀರು ಒಂದು ಕಿಲೋ. ಇದೊಂದು ಗೊತ್ತಿದ್ದರೆ ಎಷ್ಟೋ ಆತಂಕ ತಪ್ಪುತ್ತದೆ. ರಾತ್ರಿ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಒಣಮೀನು ಚಟ್ನಿ ಜಾಸ್ತಿ ಆದರೆ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಮರುದಿನ ಒಂದು ಕಿಲೋ ಏರಿದ ಹಾಗೆ ಕಾಣಬಹುದು. ಅದು ಕೊಬ್ಬಲ್ಲ. ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ವಾಲಿಬಾಲ್ ಆಡಿ ಬಂದಾಗ ಇಳಿದದ್ದೂ ಕೊಬ್ಬಲ್ಲ, ಬೆವರು. ಊಟ ಕಮ್ಮಿ ಮಾಡಿದ ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದಕ್ಕೂ ದೊಡ್ಡ ಕಾರಣ ನೀರೇ. ಮೈ ಸಂಗ್ರಹಿಸಿಟ್ಟ ಪಿಷ್ಟದ ಜೊತೆ ಅದರ ಮೂರು ಪಟ್ಟಿನಷ್ಟು ನೀರು ಇರುತ್ತದೆ, ಎರಡೂ ಒಟ್ಟಿಗೆ ಹೋಗುತ್ತವೆ.

'ತಿಂಗಳಲ್ಲಿ 20 ಪೌಂಡ್ ಇಳಿಸಿ' ಅನ್ನುವ ಅಮೆರಿಕದ ವಿಡಿಯೋ ಬಂದರೆ ಮೊದಲು ಕಿಲೋ ಮಾಡಿಕೊಳ್ಳಿ. 20ರ ಅರ್ಧ 10, ಅದರಿಂದ 1 ಕಳೆದರೆ 9 ಕಿಲೋ. ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ ವೇಗ ವಾರಕ್ಕೆ ಅರ್ಧದಿಂದ ಒಂದು ಕಿಲೋ. ಅವರು ಗುರಿಯನ್ನೂ ಕಿಲೋದಲ್ಲಿ ಹೇಳುವುದಕ್ಕಿಂತ ಶೇಕಡದಲ್ಲಿ ಹೇಳುವುದು ಹೆಚ್ಚು. ಇರುವ ತೂಕದ ಶೇಕಡ 5 ಇಳಿದರೂ ಬಿಪಿ, ಶುಗರ್ ಸುಧಾರಿಸಲು ಶುರುವಾಗುತ್ತದೆ. ಸುರತ್ಕಲ್ ಅಕ್ಕನಿಗೆ ಅದು 3.4 ಕಿಲೋ. ಶೇಕಡ 10 ಅಂದರೆ 6.8 ಕಿಲೋ. ಆಗ ಅವರು 61.2ಕ್ಕೆ ಬಂದು ಬಿಎಂಐ 23.2 ಆಗುತ್ತದೆ. ವಾರಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ಮೊದಲ 3.4ಕ್ಕೆ ಏಳು ವಾರ ಬೇಕು. ದಿನದಿಂದ ದಿನಕ್ಕೆ ನೀರಿನಿಂದಲೇ ತೂಕ ಒಂದೆರಡು ಕಿಲೋ ಆಚೀಚೆ ಆಗುವಾಗ ಆ ಅರ್ಧ ಕಿಲೋ ಕಣ್ಣಿಗೆ ಬೀಳುವುದೇ ಇಲ್ಲ. ವಾರದ ಏಳೂ ದಿನದ ತೂಕ ಬರೆದು, ಕೂಡಿಸಿ, ಏಳರಿಂದ ಭಾಗಿಸಿ. ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿದರೆ ಇಳಿದದ್ದು ಕಾಣುತ್ತದೆ.